ಗೆಳೆಯನನ್ನು ‘ಮಗಾ’ ಎಂದು ಕರೆಯುವುದರ ಅರ್ಥವೇನು?

ಪ್ರಶ್ನೆ:
ಕಾಲೇಜಿಗೆ ಹೋಗುವ ನನ್ನ ಮಗ ತನ್ನ ಗೆಳೆಯರನ್ನೆಲ್ಲ ‘ಮಗಾ’ ಎನ್ನುತ್ತಾನೆ, ಅವರೂ ಅವನನ್ನು ಹಾಗೆಯೇ ಕರೆಯುತ್ತಾರೆ. ಒಂದೇ ವಯಸ್ಸಿನವರು ಒಬ್ಬರಿಗೊಬ್ಬರು ಮಕ್ಕಳಾಗುವುದು ಹೇಗೆಂದು ಕೇಳಿದರೆ ನಗುತ್ತಾರೆ. ಅದು ಹಾಗಿರಲಿ, ನಿನ್ನೆ ಕಚೇರಿಗೆ ಹೊಸದಾಗಿ ಸೇರಿದ, ನನಗಿಂತ ಬಹಳ ಕಿರಿಯನಾದ ಒಬ್ಬರು ನನ್ನನ್ನು ‘ಏನ್ ಗುರು’ ಎಂದು ಮಾತನಾಡಿಸಿದರು. ಇದನ್ನು ಗೌರವವೆಂದು ತಿಳಿಯಬೇಕೋ, ಸಲುಗೆಯೆಂದೋ?

ಉತ್ತರ 1:
ಇಂತಹ ಪದಗಳಲ್ಲಿ ನಿಘಂಟಿನ ಅರ್ಥವನ್ನು ಹುಡುಕಿದರೆ ದಾರಿ ತಪ್ಪುತ್ತೇವೆ. ‘ಮಗಾ’ ಎಂಬಲ್ಲಿ ಮಗನೂ ಇಲ್ಲ, ತಮಿಳಿನಿಂದ ಬಂದ ‘ಮಚ್ಚಾ’ದಲ್ಲಿ ಭಾವಮೈದುನನೂ ಇಲ್ಲ. ಸ್ಪೇನಿನ ಯುವಕರು ಗೆಳೆಯನನ್ನು ‘ತೀಓ’ ಎನ್ನುತ್ತಾರೆ. ಆ ಪದದ ಮೂಲ ಅರ್ಥ ಚಿಕ್ಕಪ್ಪ ಅಥವಾ ಮಾವ. ನಂಟಿನ ಹೆಸರಿನಿಂದ ನಂಟು ಕಳಚಿಹೋಗಿ ‘ಇವನು ನಮ್ಮವನು’ ಎಂಬ ಭಾವವಷ್ಟೇ ಉಳಿದಿದೆ. ಈಗ ಹುಡುಗಿಯರೂ ತಮ್ಮತಮ್ಮಲ್ಲಿ ‘ಮಗಾ’ ಎಂದು ಕರೆದುಕೊಳ್ಳುವುದನ್ನು ಕೇಳಿದ್ದೇನೆ.

ಉತ್ತರ 2:
ಮೂಲಾರ್ಥ ಪೂರ್ತಿ ಅಳಿದಿದೆ ಎಂಬುದನ್ನು ನಾನು ಒಪ್ಪಲಾರೆ. ‘ಮಗಾ, ಸ್ವಲ್ಪ ಇಲ್ಲಿ ಬನ್ನಿ’ ಎಂದು ಯಾರಾದರೂ ಹೇಳುವುದನ್ನು ಕೇಳಿದ್ದೀರಾ? ಮಗನಿಗೆ ಬಹುವಚನ ಸಲ್ಲುವುದಿಲ್ಲವಾದ್ದರಿಂದ ಆ ಕರೆಯ ಹಿಂದೆ ‘ಬಾ’ ಮಾತ್ರ ಬರಬಲ್ಲದು. ಆದರೆ ‘ಬಾಸ್, ಸ್ವಲ್ಪ ಜಾಗ ಬಿಡಿ’ ಎಂದು ಅಪರಿಚಿತರಿಗೂ ಹೇಳಬಹುದು. ಕರಾವಳಿ ಮತ್ತು ಮಲೆನಾಡಿನವರ ‘ಮಾರಾಯ’ ಇವೆರಡಕ್ಕಿಂತಲೂ ಜಾಣ ಪದ: ಗೆಳೆಯನಿಗೆ ‘ಮಾರಾಯ’, ಗೆಳತಿಗೆ ‘ಮಾರಾಯ್ತಿ’, ಮರ್ಯಾದೆ ಬೇಕಾದವರಿಗೆ ‘ಮಾರಾಯ್ರೆ’ ಎಂದು ಅದು ಸಲುಗೆಯನ್ನೂ ಗೌರವವನ್ನೂ ಒಟ್ಟಿಗೆ ಉಳಿಸಿಕೊಂಡಿದೆ. ಆದ್ದರಿಂದ ಕರೆಯುವ ಪದವನ್ನಷ್ಟೇ ಗಮನಿಸದೆ, ಅದರೊಡನೆ ಬರುವ ಕ್ರಿಯಾಪದವನ್ನು ಗಮನಿಸಿ. ನಿಮ್ಮ ಸಹೋದ್ಯೋಗಿಯ ಮನಸ್ಸು ಅಲ್ಲಿ ತಿಳಿಯುತ್ತದೆ.

ಉತ್ತರ 3:
‘ಗುರು’ ಎಂಬುದಕ್ಕೆ ಇನ್ನೊಂದು ಮುಖವೂ ಇದೆ. ‘ಏನ್ ಗುರೂ ಇದು!’ ಎಂದು ಕೊನೆಯನ್ನು ಎಳೆದು ಹೇಳಿದಾಗ ಅದು ಯಾರನ್ನೂ ಕರೆಯುವುದಿಲ್ಲ, ಬೆರಗನ್ನು ಮಾತ್ರ ಸೂಚಿಸುತ್ತದೆ. ಪಾಠ ಹೇಳದವರನ್ನು ‘ಗುರುಗಳೇ’ ಎಂದಾಗಲಾದರೋ ಎಚ್ಚರದಿಂದಿರಬೇಕು, ಏಕೆಂದರೆ ಅಲ್ಲಿ ಗೌರವಕ್ಕಿಂತ ಕುಹಕವೇ ಹೆಚ್ಚಿರಬಹುದು. ನಿಮಗೆ ಸಿಕ್ಕಿರುವುದು ಬರಿಯ ‘ಗುರು’. ಅದು ಸಲುಗೆಯೇ ಇರಬೇಕು. ಆದರೂ ಹಿರಿಯರೊಡನೆ ಮೊದಲ ಭೇಟಿಯಲ್ಲೇ ಅಷ್ಟು ಸಲುಗೆ ನನಗೆ ಸರಿಕಾಣುವುದಿಲ್ಲ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಕ್ರಿಯಾಪದವನ್ನು ಗಮನಿಸಿ ಎಂಬ ಸಲಹೆಯಂತೆ ನಿನ್ನೆಯ ಮಾತನ್ನು ನೆನಪಿಸಿಕೊಂಡೆ. ಅವರು ಹೇಳಿದ್ದು ‘ಏನ್ ಗುರು, ಕೆಲಸ ಮುಗೀತಾ?’ ಎಂದು. ಮುಗಿದದ್ದು ಕೆಲಸವಾದ್ದರಿಂದ ಅದರಲ್ಲಿ ‘ನೀನು’ ಎಂಬುದೂ ಇಲ್ಲ, ‘ನೀವು’ ಎಂಬುದೂ ಇಲ್ಲ. ನಾಳೆ ಅವರು ‘ಬಾ’ ಎನ್ನುತ್ತಾರೋ ‘ಬನ್ನಿ’ ಎನ್ನುತ್ತಾರೋ ಕಾದು ನೋಡುತ್ತೇನೆ.