ಹಳೇ ಇಟ್ಟಿಗೆಗೂಡಿನ ಜಾಗ: ಗುಂಡಿ ಪತ್ತೆ ಹೇಗೆ?

ಪ್ರಶ್ನೆ: ಕುಶಾಲನಗರದ ಹತ್ತಿರ ಹಿಂದೆ ಇಟ್ಟಿಗೆ ಸುಡುತ್ತಿದ್ದ ಜಾಗ ಈಗ ವಾಣಿಜ್ಯ ಲೇಔಟ್. ಮಣ್ಣು ತೆಗೆದ ಗುಂಡಿಗಳು ಎಲ್ಲಿದ್ದವೆಂದು ತಿಳಿಯುವುದು ಹೇಗೆ?

ಉತ್ತರ 1: ಪಹಣಿಯಲ್ಲಿ ಗುಂಡಿ ಕಾಣಿಸದು ಸರ್. ಭೂಪರಿವರ್ತನೆ ಆದೇಶ (1964ರ ಭೂಕಂದಾಯ ಕಾಯ್ದೆ, 95ನೇ ಕಲಂ) ಯಾವ ಉದ್ದೇಶಕ್ಕೆಂದು ಓದಿ. ಸರ್ಕಾರದ ಸರ್ವೆ ನಕ್ಷೆಯ ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರ್ ಗುರುತಿಸಿ, ಗೂಗಲ್ ಅರ್ಥ್‌ನಲ್ಲಿ ಅದೇ ಜಾಗದ ಹಳೇ ವರ್ಷಗಳ ಚಿತ್ರ ನೋಡಿ. ಬೇಸಿಗೆಯದ್ದೇ ಬೇಕು, ಮಳೆಗಾಲದ್ದೆಲ್ಲ ಮೋಡ.

ಉತ್ತರ 2: ಚಿತ್ರವನ್ನಷ್ಟೇ ನಂಬಿ ಪಾಯ ತೆಗೆಯಬೇಡಿ. ನಾಲ್ಕು ಮೂಲೆ, ನಡುವೆ ಒಂದು, ಜೆಸಿಬಿಯಲ್ಲಿ 2 ಮೀಟರ್ ತೋಡಿಸಿ. ಇಟ್ಟಿಗೆ ಚೂರು, ಬೂದಿ ಬೆರೆತಿದ್ದರೆ ಅದು ತುಂಬಿಸಿದ ಮಣ್ಣು. ಪಾಯದ ಅರ್ಧ ಗಟ್ಟಿ ನೆಲದ ಮೇಲೆ, ಅರ್ಧ ಇದರ ಮೇಲೆ ಕೂತರೆ ಒಂದು ಬದಿ ಕುಸಿದು ಗೋಡೆ ಓರೆಯಾಗಿ ಬಿರಿಯುತ್ತದೆ. ತೋಡಿದ ಗುಂಡಿಗೆ ಯಾರನ್ನೂ ಇಳಿಸಬೇಡಿ, ಸಡಿಲ ಮಣ್ಣು ಜರಿಯುತ್ತದೆ.

ಉತ್ತರ 3: 2 ಮೀಟರ್‌ನಲ್ಲೂ ಗಟ್ಟಿ ನೆಲ ಸಿಗದಿದ್ದರೆ ಬೋರ್ ಹೊಡೆಸಿ ಎಸ್‌ಪಿಟಿ (ಆಳದಲ್ಲಿ ಬಡಿದು ಮಣ್ಣು ಎಷ್ಟು ಗಟ್ಟಿ ಎಂದು ನೋಡುವ ಪರೀಕ್ಷೆ) ಮಾಡಿಸಲೇಬೇಕು.