ಡಾರ್ಕ್ ಶಾಡೋಸ್: ಎಲ್ಲಿಂದ ಶುರು ಮಾಡಲಿ, ಕಥೆ ತಾಳೆ ಹಾಕುತ್ತಾ ಕೂರಬೇಕಾ?

ಕೇಳಿದ್ದು: ಅಮೆರಿಕದ ಎಬಿಸಿ ಚಾನೆಲ್‌ನಲ್ಲಿ 1966ರಿಂದ 1971ರವರೆಗೆ ಬಂದ ದೆವ್ವದ ಧಾರಾವಾಹಿ ಡಾರ್ಕ್ ಶಾಡೋಸ್ ಹಿಡಿದಿದ್ದೇನೆ. 1225 ಕಂತು! ಕಾಲಿನ್ಸ್ ಮನೆತನದ ಹಳೇ ಕಥೆ ಒಂದು ಸಲ ಒಂದು ತರ, ಇನ್ನೊಂದು ಸಲ ಇನ್ನೊಂದು ತರ. ಹೇಳಿದ್ದನ್ನೇ ಹೇಳ್ತಾರೆ ಅಂತಲೂ ಕೇಳಿದೆ. ಪೂರ್ತಿ ನೋಡಿದವರು ಹೇಳಿ, ವಂಶಾವಳಿ ಬರೆದಿಟ್ಟುಕೊಂಡು ನೋಡಬೇಕಾ?

*

ಬೇಡ ಮಾರಾಯ್ರೆ, ತಲೆ ಕೆಡುತ್ತೆ. ನಾನು ಬರೆಯಲು ಕೂತು ಜೋಸೆಟ್ ಹೆಸರಿಗೇ ನಿಲ್ಲಿಸಿದೆ. ಶುರುವಿನಲ್ಲಿ ಅವಳು ಜೆರೆಮಯ ಕಾಲಿನ್ಸ್‌ನ ಹೆಂಡತಿ, 1830ರ ಸುಮಾರಿಗೆ ಕಾಲಿನ್‌ವುಡ್ ಬಂಗಲೆ ಕಟ್ಟಿಸಿದವನೇ ಅವನು. 1967ರ ಏಪ್ರಿಲ್‌ನಲ್ಲಿ ರಕ್ತಪಿಶಾಚಿ ಬಾರ್ನಬಸ್ ಶವಪೆಟ್ಟಿಗೆಯಿಂದ ಎದ್ದು ಬಂದ, ಜನ ಮುಗಿಬಿದ್ದು ನೋಡಿದರು, ಜೋಸೆಟ್ ಅವನ ಪ್ರೇಯಸಿಯಾಗಿಬಿಟ್ಟಳು. ಅದೇ ನವೆಂಬರ್‌ನಲ್ಲಿ ಕಥೆ 1795ಕ್ಕೆ ಜಿಗಿಯುತ್ತೆ. ಅಲ್ಲಿ ಅವಳು ಬಾರ್ನಬಸ್‌ನನ್ನು ಮದುವೆಯಾಗಲು ಬಂದವಳು, ಮಾಟಗಾತಿ ಏಂಜೆಲಿಕ್ ಮಾಡಿದ ಮಾಟಕ್ಕೆ ಸಿಕ್ಕಿ ಜೆರೆಮಯನ ಜೊತೆ ಓಡಿಹೋಗ್ತಾಳೆ, ಬಾರ್ನಬಸ್ ಪಿಸ್ತೂಲು ಹಿಡಿದು ಜೆರೆಮಯನನ್ನು ದ್ವಂದ್ವಕ್ಕೆ ಕರೆದು ಸಾಯಿಸ್ತಾನೆ. ಹಾಗಾದರೆ 1830ರಲ್ಲಿ ಬಂಗಲೆ ಕಟ್ಟಿಸಿದ್ದು ಯಾರು? ಕೇಳಬಾರದು! ಆಗ ಮನೆಯಲ್ಲಿ ರೆಕಾರ್ಡ್ ಮಾಡಿಕೊಂಡು ಮತ್ತೆ ನೋಡುವವರಿರಲಿಲ್ಲ ಅಲ್ವಾ, ವಾರಕ್ಕೆ ಐದು ದಿನ ಕಂತು ತುಂಬಿಸಬೇಕು, ಹೋದ ವರ್ಷ ಹೇಳಿದ್ದಕ್ಕಿಂತ ಇವತ್ತಿನ ಕಥೆ ಓಡುವುದೇ ಮುಖ್ಯ. ಹೊಸ ಕಾಲಕ್ಕೆ ಹೋದಾಗಲೆಲ್ಲ ಹೊಸ ನಾಟಕ ಅಂತ ನೋಡಿ. ಕಲಾವಿದರು ಅವರೇ, ವೇಷ ಬೇರೆ. ಶುರುವಿನಲ್ಲಿ ಹೋಟೆಲ್ ಪರಿಚಾರಕಿ ಮ್ಯಾಗಿ ಆಗಿದ್ದ ಕ್ಯಾಥರಿನ್ ಲೀ ಸ್ಕಾಟ್ 1795ರಲ್ಲಿ ಜೋಸೆಟ್, 1897ರಲ್ಲಿ ಮತ್ತೊಬ್ಬಳು.

*

ಮರುಬಳಕೆ ಬಗ್ಗೆ ನನ್ನ ಮಾತು ಸ್ವಲ್ಪ ಬೇರೆ. ಹೊರಗಿನ ಹಳೇ ಭಯಾನಕ ಕಾದಂಬರಿಗಳಿಂದ ಎತ್ತಿದ್ದು ಎಲ್ಲರಿಗೂ ಗೊತ್ತೇ ಇದೆ, ಫ್ರಾಂಕೆನ್‌ಸ್ಟೈನ್, ಡೋರಿಯನ್ ಗ್ರೇ, ಜೆಕಿಲ್-ಹೈಡ್, ಏನನ್ನೂ ಬಿಟ್ಟಿಲ್ಲ. ನನಗೆ ಮಜಾ ಅನ್ನಿಸಿದ್ದು ತಮ್ಮದೇ ಕಥೆಯನ್ನು ತಾವೇ ಎತ್ತಿಕೊಂಡದ್ದು. 1968ರ ಕೊನೆಗೆ ಕಾಲಿನ್ಸ್ ಮನೆತನದ ಪೂರ್ವಜ ಕ್ವೆಂಟಿನ್‌ನ ದೆವ್ವ ಮನೆಯ ಮಕ್ಕಳನ್ನು ಹಿಡಿಯುತ್ತೆ, ಅದನ್ನು ತಡೆಯಲು ಬಾರ್ನಬಸ್ 1897ಕ್ಕೆ ಹೋಗ್ತಾನೆ. ಅಲ್ಲಿ ಕ್ವೆಂಟಿನ್ ಸಾಯುವುದೇ ಇಲ್ಲ, ಆದ್ದರಿಂದ ಈ ಕಡೆ ಕಾಟ ನಿಲ್ಲುತ್ತೆ, ಆದರೆ ಕಾಟ ಕೊಟ್ಟದ್ದು ಮಾತ್ರ ಮನೆಯವರಿಗೆ ನೆನಪಿರುತ್ತೆ. (ಲಾಜಿಕ್ ಕೇಳಬೇಡಿ.) 1970ರಲ್ಲಿ ಮತ್ತೆ ಅದೇ: ಜೆರಾರ್ಡ್, ಡಾಫ್ನೆ ಅನ್ನೋ ದೆವ್ವಗಳು, ಮತ್ತೆ ಇಬ್ಬರು ಮಕ್ಕಳು. ನಾನು ಬೇಜಾರಲ್ಲೇ ಓಡಿಸುತ್ತಿದ್ದೆ, ಈ ಸಲ ತಡೆಯೋಕೇ ಆಗಲ್ಲ, ಕಾಲಿನ್‌ವುಡ್ ಹಾಳಾಗಿ ಹೋಗುತ್ತೆ. ಬಾರ್ನಬಸ್‌ನ ಗೆಳತಿ ಡಾಕ್ಟರ್ ಜೂಲಿಯಾ ಹಿಂದಿನ ಕಾಲಕ್ಕೆ ಒಯ್ಯುವ ಒಂದು ಮೆಟ್ಟಿಲಸಾಲು ಹತ್ತಿ 1840ಕ್ಕೆ ತಪ್ಪಿಸಿಕೊಂಡ ಮೇಲೆ ಸರಿಪಡಿಸುವ ಕೆಲಸ ಶುರು. ಮೊದಲನೇದನ್ನು ನೋಡಿದ್ದರಿಂದಲೇ ಎರಡನೇದು ಭಯ ಹುಟ್ಟಿಸಿತು. ಹಾಗಾಗಿ 1897 ಬಿಟ್ಟು ನೇರ 1840ಕ್ಕೆ ಹೋಗಬೇಡಿ. 1897 ಆದಮೇಲೆ ಬರುವ ಲೆವಿಯಾಥನ್ ಅನ್ನೋ ಪುರಾತನ ದುಷ್ಟಶಕ್ತಿಗಳ ಭಾಗ ಬೇಕಾದರೆ ಓಡಿಸಿ, ನನಗಂತೂ ಸಪ್ಪೆ.

*

ಶುರು ಮಾಡೋದು 210ನೇ ಕಂತಿಂದ, ಬಾರ್ನಬಸ್ ಹೊರಗೆ ಬರುವ ಕಂತು ಅದು. ಹಿಡಿಸಿದರೆ ಆಮೇಲೆ ಹಿಂದಿನದು ನೋಡಿ, ನಿಧಾನ, ಆದರೆ ಕಪ್ಪು-ಬಿಳುಪಿನಲ್ಲಿ ಬಹಳ ಚೆನ್ನಾಗಿದೆ. ಕಾಲಿನ್‌ವುಡ್‌ಗೆ ಪಾಠ ಹೇಳಲು ಬಂದ ಅನಾಥೆ ವಿಕ್ಟೋರಿಯಾಳ ಹೆತ್ತವರು ಯಾರು ಅಂತ ಮೊದಲ ಕಂತಿನಿಂದಲೂ ಕಾಯಿಸ್ತಾರೆ, ಕೊನೆವರೆಗೂ ಹೇಳಲ್ಲ, ಆ ಆಸೆ ಈಗಲೇ ಬಿಟ್ಟುಬಿಡಿ.

*

ಮೇಲಿನವರು ಹೇಳದ ಒಂದು ವಿಷಯ. ಕೊನೆಯ ಕಂತಿನ ನಂಬರ್ 1245, ಇರೋದು 1225. ಬೇರೆ ಕಾರ್ಯಕ್ರಮಕ್ಕಾಗಿ ಪ್ರಸಾರ ರದ್ದಾದ ದಿನದ ನಂಬರನ್ನು ಹಾರಿಸಿದ್ದಾರೆ, ನಿಮ್ಮ ಪಟ್ಟಿಯಲ್ಲಿ ಕಂತು ಕಾಣೆಯಾಗಿದೆ ಅಂತ ಸುಮ್ನೆ ಹುಡುಕಬೇಡಿ. 1219 ಮಾತ್ರ ನಿಜವಾಗಿ ಕಳೆದಿದೆ, ಟೇಪ್ ಹೋಗಿ ಧ್ವನಿ ಮಾತ್ರ ಉಳಿದಿತ್ತು, ಅದಕ್ಕೆ ಫೋಟೋ ಜೋಡಿಸಿ ಹಾಕಿದ್ದಾರೆ. ಚಿತ್ರ ಅಲುಗಾಡದಿದ್ದರೆ ನಿಮ್ಮ ನೆಟ್‌ಗೆ ಬೈಯಬೇಡಿ.