ಕೋರ್‌ನಲ್ಲಿ ಯಾವ ಮಾಡ್ಯೂಲ್ ಇರಬೇಕು? ಡ್ರುಪಲ್ ಬಗ್ಗೆ ವಿನಾಯಕ ಅವರನ್ನು ಕೇಳಿ

ಅಡ್ಮಿನ್: ಶಿರಸಿ, ಕಾರವಾರ ಕಡೆಯ ವೆಬ್ ಕೆಲಸದವರಿಗೆಲ್ಲ ನಮಸ್ಕಾರ. ವೆಬ್‌ಸೈಟ್ ಕಟ್ಟುವ ಸಾಫ್ಟ್‌ವೇರ್ ಡ್ರುಪಲ್‌ನ, 2024ರಲ್ಲಿ ಬಂದ 11ನೇ ಆವೃತ್ತಿಯ ಕೋರ್‌ನಿಂದ ಫೋರಂ, ಬುಕ್, ಸ್ಟ್ಯಾಟಿಸ್ಟಿಕ್ಸ್, ಟ್ರ್ಯಾಕರ್, ಟೂರ್ ಮಾಡ್ಯೂಲ್‌ಗಳನ್ನು ಹೊರಗೆ ಹಾಕಿದ್ದಾರೆ. ಇದು ಸರಿಯಾ ಅಂತ ಕಳೆದ ವಾರ ಗ್ರೂಪಿನಲ್ಲಿ ಗಲಾಟೆಯೇ ಆಯ್ತು. ಡ್ರುಪಲ್ ಕೆಲಸವನ್ನೇ ವೃತ್ತಿ ಮಾಡಿಕೊಂಡಿರುವ ಶಿರಸಿಯ ವಿನಾಯಕ ಅವರು ಇವತ್ತು ಸಂಜೆ ಉತ್ತರ ಕೊಡುತ್ತಾರೆ. ಹೊಸಬರಿಗೆ ಒಂದು ಮಾತು: ಮಾಡ್ಯೂಲ್ ಅಂದರೆ ಸೈಟಿಗೆ ಒಂದೊಂದು ಸೌಲಭ್ಯ ಕೊಡುವ ಬಿಡಿ ಭಾಗ. ಡ್ರುಪಲ್ ಡೌನ್‌ಲೋಡ್ ಮಾಡಿದಾಗ ಜೊತೆಗೇ ಬರುವುದು ಕೋರ್. ನಾವು ಹುಡುಕಿ ಸೇರಿಸಿಕೊಳ್ಳುವುದು ಕಾಂಟ್ರಿಬ್. ಫಾರ್ವರ್ಡ್ ಮೆಸೇಜ್ ಬೇಡ, ದಯವಿಟ್ಟು.

ವಿನಾಯಕ (ಶಿರಸಿ): ನಮಸ್ಕಾರ. ಮಳೆ ಜೋರಿದೆ, ಕರೆಂಟ್ ಇರುವಷ್ಟು ಹೊತ್ತು ಇರುತ್ತೇನೆ. ಕೇಳಿ.

ಲತಾ (ಕುಮಟಾ): ಸರ್, ಒಂದು ಮಾಡ್ಯೂಲ್ ಕೋರ್‌ಗೆ ಸೇರಬೇಕಾ ಬೇಡವಾ ಅಂತ ಯಾವ ಆಧಾರದ ಮೇಲೆ ನಿರ್ಧರಿಸುತ್ತಾರೆ? ಜಾಸ್ತಿ ಜನ ಬಳಸಿದರೆ ಸಾಕಾ?

ವಿನಾಯಕ: ಸಾಲದು ಲತಾ ಅವರೇ. ಎಷ್ಟು ಜನ ಬಳಸುತ್ತಾರೆ ಅನ್ನುವುದು ಒಂದು ಸುಳಿವು ಮಾತ್ರ. ನಾನು ಮೊದಲು ನೋಡುವುದು, ಇದರ ಮೇಲೆ ಬೇರೆ ಏನೇನು ನಿಂತಿದೆ ಅಂತ. ಸೈಟಿನ ಬರಹಗಳ ಪಟ್ಟಿ ತಯಾರಿಸುವ ವ್ಯೂಸ್ ಮಾಡ್ಯೂಲ್ ತೆಗೆದುಕೊಳ್ಳಿ. ಡ್ರುಪಲ್ 7ರಲ್ಲಿ ಅದು ಹೊರಗಿತ್ತು, ಆದರೂ ಅದಿಲ್ಲದ ಸೈಟ್ ಸಿಗುವುದೇ ಕಷ್ಟ. ಕೋರ್‌ಗೆ ಮಾತ್ರ ಅದನ್ನು ನಂಬಿಕೊಳ್ಳಲು ಆಗುತ್ತಿರಲಿಲ್ಲ. ಹಾಗಾಗಿ ಪ್ರತಿ ಪಟ್ಟಿಯನ್ನೂ ಕೈಯಲ್ಲೇ ಬರೆದಿದ್ದರು. 2015ರಲ್ಲಿ ಡ್ರುಪಲ್ 8 ಬಂತು, ವ್ಯೂಸ್ ಒಳಗೆ ಬಂತು. ಮುಖಪುಟ, ಅಡ್ಮಿನ್‌ನ ಕಂಟೆಂಟ್ ಪಟ್ಟಿ, ಬಳಕೆದಾರರ ಪಟ್ಟಿ ಎಲ್ಲ ವ್ಯೂಸ್ ಆದವು. ಒಳಗೆ ಬಂದದ್ದಕ್ಕೆ ಅರ್ಥ ಬಂದದ್ದು ಹಾಗೆ. ಅದಕ್ಕಿಂತ ಮೊದಲು, 2011ರ ಡ್ರುಪಲ್ 7ರಲ್ಲಿ, ಸಿಸಿಕೆ ಅನ್ನುವ ಹೊರಗಿನ ಮಾಡ್ಯೂಲಿನ ಫೀಲ್ಡ್‌ಗಳು (ಬರಹಕ್ಕೆ ನಾವೇ ಸೇರಿಸುವ ಮಾಹಿತಿಯ ಖಾನೆಗಳು) ಒಳಗೆ ಬಂದಿದ್ದೂ ಇದೇ ಕಾರಣಕ್ಕೆ.

ಆಮೇಲಿನ ಪ್ರಶ್ನೆ: ಇದನ್ನು ವರ್ಷಗಟ್ಟಲೆ ನೋಡಿಕೊಳ್ಳುವವರು ಯಾರು? ಕೋರ್ ಫೋಲ್ಡರಿನಲ್ಲೇ ಮೇಂಟೇನರ್‌ಗಳ ಹೆಸರಿನ ಒಂದು ಫೈಲ್ ಇದೆ. ತೆರೆದು ನೋಡಿ. ಹೆಸರಿಲ್ಲದ ಭಾಗದ ಬಗ್ ಯಾರ ತಲೆಗೆ ಬರುತ್ತದೆ? ಉಳಿದವರೆಲ್ಲರ ತಲೆಗೆ. ಹೊರಗಿರುವ ಮಾಡ್ಯೂಲ್ ಬೇಕೆಂದಾಗ ಹೊಸ ಆವೃತ್ತಿ ಬಿಡಬಹುದು. ಒಳಗೆ ಬಂದರೆ ಕೋರ್‌ನ ವೇಳಾಪಟ್ಟಿಗೆ ಕಾಯಬೇಕು, ಹಳೆಯದನ್ನು ಮುರಿಯುವಂತಿಲ್ಲ, ಟೆಸ್ಟ್ ಬರೆಯಬೇಕು, ಕಣ್ಣು ಕಾಣದವರಿಗೂ ಬಳಸಲು ಬರಬೇಕು. ಎಷ್ಟೋ ಒಳ್ಳೆಯ ಮಾಡ್ಯೂಲ್‌ಗಳ ಲೇಖಕರು ಇದಕ್ಕೇ ಒಳಗೆ ಬರಲು ಒಪ್ಪುವುದಿಲ್ಲ.

ಶ್ರೀಪಾದ (ಯಲ್ಲಾಪುರ): ಫೋರಂ ಮಾಡ್ಯೂಲ್ ಎಲ್ಲಿ ಹೋಯ್ತು ಸರ್? 10ರಿಂದ 11ಕ್ಕೆ ಹೋದರೆ ಡೇಟಾ ಅಳಿಸಿ ಹೋಗುತ್ತಾ?

ವಿನಾಯಕ: ಕಾಂಟ್ರಿಬ್‌ನಲ್ಲಿದೆ. 10ರಲ್ಲಿ ಇರುವಾಗಲೇ ಕಂಪೋಸರ್ ಅನ್ನುವ ಇನ್‌ಸ್ಟಾಲ್ ಮಾಡುವ ಸಾಧನದಿಂದ ಆ ಕಾಂಟ್ರಿಬ್ ಫೋರಂ ಹಾಕಿಕೊಳ್ಳಿ, ಆಮೇಲೆ 11ಕ್ಕೆ ಹೋಗಿ. ಫೋರಂನ ಪ್ರತಿ ವಿಷಯ ಮಾಮೂಲಿ ನೋಡ್ (ಡ್ರುಪಲ್‌ನಲ್ಲಿ ಒಂದು ಬರಹ), ವಿಭಾಗಗಳು ಟ್ಯಾಕ್ಸಾನಮಿ (ವರ್ಗೀಕರಣ). ಅಳಿಸಿ ಹೋಗುವುದಿಲ್ಲ.

ಮಹೇಶ (ಅಂಕೋಲಾ): *ಫಾರ್ವರ್ಡ್ ಆದ ಸಂದೇಶ:* ಡ್ರುಪಲ್ ಸೈಟ್ ಸ್ಪೀಡ್ ಆಗಲು ಸುಲಭ ಸೂತ್ರ! ಕಾಂಟ್ರಿಬ್ ಮಾಡ್ಯೂಲ್‌ಗಳನ್ನು ಕೋರ್ ಫೋಲ್ಡರಿಗೆ ಕಾಪಿ ಮಾಡಿ. ಎಲ್ಲ ಫೋಲ್ಡರಿಗೂ 777 ಪರ್ಮಿಷನ್ ಕೊಡಿ. ಅಪ್‌ಡೇಟ್ ಮ್ಯಾನೇಜರ್ ಆಫ್ ಮಾಡಿ. ಎಲ್ಲರಿಗೂ ಶೇರ್ ಮಾಡಿ.

ವಿನಾಯಕ: ಮಹೇಶ, ಮೇಲೆ ಅಡ್ಮಿನ್ ಬರೆದಿದ್ದು ಓದಿದಿರಾ? ಕೋರ್ ಫೋಲ್ಡರಿಗೆ ಕಾಪಿ ಮಾಡಿದ್ದು ಮುಂದಿನ ಅಪ್‌ಡೇಟಿನಲ್ಲಿ ಹೋಗುತ್ತದೆ. ಒಂದಿಷ್ಟೂ ವೇಗ ಬರುವುದಿಲ್ಲ. 777 ಅಂದರೆ ಆ ಸರ್ವರಿನಲ್ಲಿ ಖಾತೆ ಇರುವ ಯಾರು ಬೇಕಾದರೂ ನಿಮ್ಮ ಫೈಲ್ ತಿದ್ದಬಹುದು. ಇನ್ನು ಅಪ್‌ಡೇಟ್ ಮ್ಯಾನೇಜರ್: ಎಷ್ಟು ಸೈಟ್‌ಗಳು ಒಂದು ಮಾಡ್ಯೂಲ್ ಬಳಸುತ್ತಿವೆ ಅನ್ನುವ ಲೆಕ್ಕ ಡ್ರುಪಲ್‌ನವರಿಗೆ ಸಿಗುವುದೇ ಅದರಿಂದ. ಆಫ್ ಮಾಡಿದರೆ ಭದ್ರತೆಯ ಸುದ್ದಿ ನಿಮಗೆ ತಲುಪುವುದಿಲ್ಲ, ನೀವು ಆ ಲೆಕ್ಕದಲ್ಲೂ ಇರುವುದಿಲ್ಲ. ಆಮೇಲೆ ‘ನಾವು ಬಳಸುತ್ತಿದ್ದ ಮಾಡ್ಯೂಲ್ ಯಾಕೆ ತೆಗೆದರು’ ಅಂತ ಕೂಗಾಡುವುದು!

ಮಹೇಶ (ಅಂಕೋಲಾ): ನಾನು ಬರೆದಿದ್ದಲ್ಲ ಸರ್, ಸುಮ್ನೆ ಬಂದಿದ್ದನ್ನು ಕಳಿಸಿದೆ.

ನಾಗರಾಜ (ಹೊನ್ನಾವರ): ಇಷ್ಟೆಲ್ಲ ತಲೆಬಿಸಿ ಯಾಕೆ? ವರ್ಡ್‌ಪ್ರೆಸ್ ಹಾಕಿ, ಮುಗೀತು.

ಪ್ರಜ್ಞಾ (ಕಾರವಾರ): ವರ್ಡ್‌ಪ್ರೆಸ್ ಕೂಡ ಇದನ್ನೇ ಮಾಡಿದೆ ನಾಗರಾಜಣ್ಣ. 2012ರ 3.5ರಿಂದ ಹೊಸ ಸೈಟ್‌ಗಳಲ್ಲಿ ಲಿಂಕ್ ಮ್ಯಾನೇಜರ್ ಕಾಣುವುದೇ ಇಲ್ಲ. ಬೇಕಾದವರು ಪ್ಲಗಿನ್ ಹಾಕಿಕೊಳ್ಳಬೇಕು. ವಿನಾಯಕಣ್ಣ, ನನ್ನದೊಂದು ಪ್ರಶ್ನೆ. ಕಾಲೇಜು ಪ್ರಾಜೆಕ್ಟಿಗೆ ಬೈತಖೋಲ್ ಬಂದರಿನ ಮೀನಿನ ದರ ತೋರಿಸುವ ಮಾಡ್ಯೂಲ್ ಬರೆದಿದ್ದೇನೆ. ಕೋರ್‌ಗೆ ಸೇರಿಸಿ ಅಂತ ಕೇಳಬಹುದಾ?

ವಿನಾಯಕ: ಬೇಡ ತಂಗಿ. ಕಾಂಟ್ರಿಬ್‌ನಲ್ಲಿ ಹಾಕು. ದರ ತೋರಿಸುವುದಕ್ಕೆ ಹೊಸ ಮಾಡ್ಯೂಲೇ ಬೇಕಾ ಅಂತಲೂ ಒಮ್ಮೆ ನೋಡು. ಒಂದು ಕಂಟೆಂಟ್ ಟೈಪ್, ಎರಡು ಫೀಲ್ಡ್, ಒಂದು ವ್ಯೂ ಸಾಕಾಗಬಹುದು. ಡ್ರುಪಲ್ 8ರಲ್ಲಿ ಬ್ಲಾಗ್ ಮಾಡ್ಯೂಲನ್ನು ಕೋರ್‌ನಿಂದ ತೆಗೆದಿದ್ದೂ ಇದಕ್ಕೇ. ಒಳಗಿರುವ ಬೇರೆ ಭಾಗಗಳನ್ನು ಜೋಡಿಸಿದರೆ ಬ್ಲಾಗ್ ಆಗುತ್ತಿತ್ತು.

ಪ್ರಜ್ಞಾ (ಕಾರವಾರ): ಸರಿ ಅಣ್ಣ. ಆದರೆ ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್‌ನಲ್ಲಿ, ಯಂತ್ರಭಾಗಗಳನ್ನು ನಡೆಸುವ ಎಲ್ಲ ಡ್ರೈವರ್‌ಗಳನ್ನೂ ಒಳಗೇ ಇಟ್ಟುಕೊಳ್ಳುತ್ತಾರಲ್ಲ? ಅವರಿಗೆ ಭಾರ ಆಗುವುದಿಲ್ವಾ?

ವಿನಾಯಕ: ಇದು ಪ್ರಶ್ನೆ! ಕರ್ನಲ್‌ನವರು ಒಳಗಿನ ಎಪಿಐ (ಕೋಡಿನ ಭಾಗಗಳು ಒಂದನ್ನೊಂದು ಬಳಸುವ ರೀತಿ) ಬದಲಾಗುವುದಿಲ್ಲ ಅಂತ ಯಾರಿಗೂ ಮಾತು ಕೊಟ್ಟಿಲ್ಲ. ಯಾರು ಅದನ್ನು ಬದಲಿಸುತ್ತಾರೋ ಅವರೇ ಒಳಗಿರುವ ಡ್ರೈವರ್‌ಗಳನ್ನೆಲ್ಲ ಸರಿಮಾಡಬೇಕು. ಹೊರಗಿರುವ ಡ್ರೈವರ್ ತನ್ನ ಪಾಡು ತಾನೇ ನೋಡಿಕೊಳ್ಳಬೇಕು. ಹಾಗಾಗಿ ಒಳಗಿರುವುದರಲ್ಲಿ ಡ್ರೈವರಿಗೆ ಲಾಭ. ಡ್ರುಪಲ್ 8ರಿಂದ ಈಚೆಗೆ ಒಂದು ದೊಡ್ಡ ಆವೃತ್ತಿ ಇರುವಷ್ಟು ಕಾಲ ಎಪಿಐ ಮುರಿಯುವುದಿಲ್ಲ ಅಂತ ಮಾತು ಕೊಟ್ಟಿದೆ. ಹೊರಗಿದ್ದರೂ ನೆಮ್ಮದಿಯಿಂದ ಬದುಕಬಹುದು. ಕೋರ್ ಚಿಕ್ಕದಿರಬೇಕಾ ದೊಡ್ಡದಿರಬೇಕಾ ಅನ್ನುವುದಕ್ಕೆ ಎಲ್ಲ ಪ್ರಾಜೆಕ್ಟಿಗೂ ಒಂದೇ ಉತ್ತರ ಇಲ್ಲದಿರುವುದು ಇದರಿಂದ. ಪೈಥಾನ್ ಭಾಷೆ ನೋಡು, ‘ಬ್ಯಾಟರಿ ಸಮೇತ’, ಅಂದರೆ ಬೇಕಾದದ್ದೆಲ್ಲ ಜೊತೆಗೇ ಬರುತ್ತದೆ ಅಂತ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದವರು 2024ರ 3.13ರಲ್ಲಿ 19 ಮಾಡ್ಯೂಲ್ ತೆಗೆದರು. ಸಿಜಿಐ, ಟೆಲ್ನೆಟ್ ಎಲ್ಲ ಹೋದವು. ಹಳತಾಗಿದ್ದವು, ಹಲವನ್ನು ನೋಡಿಕೊಳ್ಳುವವರೂ ಇರಲಿಲ್ಲ.

ಗಿರೀಶ (ಭಟ್ಕಳ): ಫೋರಂ ಎಲ್ಲಿ ಹೋಯ್ತು?

ವಿನಾಯಕ: ಮೇಲೆ ಓದಿ.

ಸುಬ್ರಾಯ (ಸಿದ್ದಾಪುರ): ವಿನಾಯಕರೇ, ನಮಸ್ಕಾರ. ನಾನು ಒಂದು ಅಡಿಕೆ ಸಹಕಾರಿ ಸಂಘದಲ್ಲಿ ಗುಮಾಸ್ತ. ಸಂಘದ ಸೈಟ್ ಡ್ರುಪಲ್ 7ರಲ್ಲಿದೆ. ಕೊಳೆ ರೋಗ, ಬೋರ್ಡೋ ದ್ರಾವಣ, ಎಲೆ ಚುಕ್ಕಿ ಬಗ್ಗೆ ರೈತರು ಕೇಳಿದ ಪ್ರಶ್ನೆಗಳೆಲ್ಲ ಅದರ ಫೋರಂನಲ್ಲಿವೆ. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು ದರದ ಪುಟವನ್ನು ಪಿಎಚ್‌ಪಿ ಫಿಲ್ಟರ್ ಹಾಕಿ ಬರೆದಿದ್ದಾರೆ. ಮಾಡಿಕೊಟ್ಟ ಹುಡುಗ ಬೆಂಗಳೂರಿಗೆ ಹೋದ. ಫೋರಂ, ಪಿಎಚ್‌ಪಿ ಫಿಲ್ಟರ್ ಎರಡೂ ಕೋರ್‌ನಲ್ಲೇ ಬಂದಿದ್ದವು. ಈಗ ಎರಡೂ ಇಲ್ಲ ಅಂದರೆ ನಾವು ಏನು ಮಾಡಬೇಕು?

ವಿನಾಯಕ: ಸುಬ್ರಾಯರೇ, ನಿಮ್ಮ ಎರಡು ಮಾಡ್ಯೂಲ್‌ಗಳು ಹೊರಗೆ ಹೋದದ್ದು ಬೇರೆ ಬೇರೆ ಕಾರಣಕ್ಕೆ.

ಫೋರಂಗೆ ಪಾಪ ದೋಷವೇನಿಲ್ಲ. ಹೊಸ ಡ್ರುಪಲ್ ಕಟ್ಟಿ, ಡೇಟಾ ಸಾಗಿಸುವ ಮೈಗ್ರೇಟ್ ಮಾಡ್ಯೂಲಿನಿಂದ ಹಳೆಯ ಪ್ರಶ್ನೆ ಉತ್ತರಗಳನ್ನು ತರಬಹುದು. ಆ ಕೊಳೆ ರೋಗದ ಚರ್ಚೆಗಳು ಬೇರೆಲ್ಲೂ ಸಿಗುವಂಥವಲ್ಲ, ಉಳಿಸಲೇಬೇಕು.

ನನಗೆ ಚಿಂತೆ ಇರುವುದು ಪಿಎಚ್‌ಪಿ ಫಿಲ್ಟರಿನದ್ದು. ಅದು ಆನ್ ಇದ್ದರೆ, ಆ ಫಾರ್ಮ್ಯಾಟ್ ಬಳಸುವ ಅನುಮತಿ ಇರುವ ಯಾರೇ ಆಗಲಿ, ಪುಟದ ಪೆಟ್ಟಿಗೆಯಲ್ಲಿ ಬರೆದ ಪಿಎಚ್‌ಪಿ ಭಾಷೆಯ ಕೋಡ್ ನೇರ ಸರ್ವರಿನಲ್ಲಿ ಓಡುತ್ತದೆ. ಒಬ್ಬರ ಪಾಸ್‌ವರ್ಡ್ ಕದ್ದರೆ ಇಡೀ ಸೈಟ್ ಹೋಯ್ತು. ಫಿಲ್ಟರ್ ಆಫ್ ಇದ್ದರೂ, ಕೋರ್‌ನಲ್ಲಿ ಕೂತಿರುವ ತನಕ ಅಡ್ಮಿನ್ ಪಾಸ್‌ವರ್ಡ್ ಸಿಕ್ಕ ಕಳ್ಳ ಒಂದು ಟಿಕ್ ಹಾಕಿ ಆನ್ ಮಾಡಿಕೊಳ್ಳುತ್ತಾನೆ. ಡ್ರುಪಲ್ 8ರಲ್ಲಿ ಅದನ್ನು ಕೋರ್‌ನಿಂದ ಕಿತ್ತಿದ್ದು ಒಳ್ಳೆಯದೇ ಆಯ್ತು. ಜೊತೆಯಲ್ಲೇ ಬಂದಿದ್ದರಿಂದ ನಿಮ್ಮ ಹುಡುಗನಿಗೆ ಅದು ಸುರಕ್ಷಿತ ಅನ್ನಿಸಿತು. ಅವನನ್ನು ಬೈಯುವುದಿಲ್ಲ. ಡಬ್ಬಿಯಲ್ಲೇ ಇಟ್ಟು ಕೊಟ್ಟದ್ದನ್ನು ಜನ ಬಳಸುತ್ತಾರೆ. ಏನು ಒಳಗಿರಬೇಕು ಅಂತ ತೀರ್ಮಾನಿಸುವವರು ಇದನ್ನು ಮೊದಲು ಯೋಚಿಸಬೇಕು.

ಡ್ರುಪಲ್ 7ಕ್ಕೆ 2025ರ ಜನವರಿ 5ರಿಂದ ಅಧಿಕೃತ ಬೆಂಬಲವೂ ಇಲ್ಲ. ಒಂದು ಕೆಲಸ ಮಾಡಿ. ಬಳಕೆದಾರರ ಪಟ್ಟಿ ತೆರೆದು ಅಡ್ಮಿನ್ ಅಧಿಕಾರ ಯಾರ ಯಾರಿಗೆ ಇದೆ ನೋಡಿ ಹೇಳಿ. 2014ರಿಂದ ಸೈಟ್ ಹೀಗೇ ಇದೆಯಾ?

ಸುಬ್ರಾಯ (ಸಿದ್ದಾಪುರ): 2013ರಲ್ಲಿ ಮಾಡಿಸಿದ್ದು. ಪಟ್ಟಿ ನೋಡಿ ಹೇಳುತ್ತೇನೆ. ಇಲ್ಲಿ ನೆಟ್ ಸ್ವಲ್ಪ ನಿಧಾನ.

ರೋಶನ್ (ಕಾರವಾರ): ಸರ್, ಕೊಂಕಣಿ ಮತ್ತು ಕನ್ನಡ ಎರಡರಲ್ಲೂ ಇರುವ ಸೈಟ್ ಮಾಡಬೇಕು. ಅನುವಾದದ ಮಾಡ್ಯೂಲ್ ಕೋರ್‌ನಲ್ಲಿ ಇದೆಯಾ?

ವಿನಾಯಕ: ಡ್ರುಪಲ್ 8ರಿಂದ ನಾಲ್ಕೂ ಒಳಗಿವೆ: ಭಾಷೆಯದ್ದು, ಇಂಟರ್‌ಫೇಸಿನದ್ದು, ಕಂಟೆಂಟಿನದ್ದು, ಕಾನ್ಫಿಗರೇಷನ್ನಿನದ್ದು. ಇದು ಒಳಗೇ ಇರಬೇಕಾದದ್ದು. ಪ್ರತಿ ಬರಹಕ್ಕೂ ತಾನು ಯಾವ ಭಾಷೆ ಅಂತ ಹುಟ್ಟುವಾಗಲೇ ಗೊತ್ತಿರಬೇಕು, ಆಮೇಲೆ ಹೊರಗಿನಿಂದ ಅಂಟಿಸಿದರೆ ಎಲ್ಲಾದರೂ ಬಿಟ್ಟುಹೋಗುತ್ತದೆ. 7ರಲ್ಲಿ ಹೊರಗಿನ ಮಾಡ್ಯೂಲ್ ಇಟ್ಟುಕೊಂಡು ಮೆನು ಒಂದು ಭಾಷೆ, ಪುಟ ಒಂದು ಭಾಷೆ ಆಗಿ ಪಟ್ಟ ಪಾಡು ಎಲ್ಲರಿಗೂ ಗೊತ್ತು. ಸಿದ್ಧ ಪಟ್ಟಿಯಲ್ಲಿ ಇಲ್ಲದ ಭಾಷೆಯನ್ನೂ ಕೋಡ್ ಕೊಟ್ಟು ಸೇರಿಸಬಹುದು. ಕೊಂಕಣಿಗೆ ಕೆ-ಒ-ಕೆ.

ರೋಶನ್ (ಕಾರವಾರ): ಧನ್ಯವಾದ ಸರ್. ಲಿಪಿ ಯಾವುದು ಇಡಲಿ, ನಾಗರಿಯಾ ಕನ್ನಡವಾ?

ಸುನೀಲ (ಕಾರವಾರ): ನಾಗರಿಯೇ. ಅದರಲ್ಲಿ ಕೇಳುವುದೇನಿದೆ.

ಲತಾ (ಕುಮಟಾ): ಯಾಕೆ ಏನಿಲ್ಲ? ನಮ್ಮ ಮನೆಯಲ್ಲಿ ಕೊಂಕಣಿ ಬರೆದದ್ದೆಲ್ಲ ಕನ್ನಡ ಲಿಪಿಯಲ್ಲೇ. ನಮ್ಮ ಅಜ್ಜಿಗೆ ನಾಗರಿ ಓದಲು ಬರುತ್ತಿರಲಿಲ್ಲ.

ಸುನೀಲ (ಕಾರವಾರ): 1992ರಲ್ಲಿ ಸಂವಿಧಾನದ ಎಂಟನೇ ಪರಿಚ್ಛೇದಕ್ಕೆ ಸೇರಿದ ಭಾಷೆ. ಮನೆ ಮನೆಗೊಂದು ಲಿಪಿ ಆದರೆ ಹೇಗೆ?

ಲತಾ (ಕುಮಟಾ): ಪರಿಚ್ಛೇದದಲ್ಲಿ ಭಾಷೆಯ ಹೆಸರಿದೆ, ಲಿಪಿಯ ಹೆಸರಿಲ್ಲ. ಹೋಗಿ ಓದಿ.

ನಾಗರಾಜ (ಹೊನ್ನಾವರ): ವರ್ಡ್‌ಪ್ರೆಸ್‌ನಲ್ಲಿ ಎಲ್ಲ ಲಿಪಿಯೂ ಬರುತ್ತದೆ.

ಸುನೀಲ (ಕಾರವಾರ): ನಾಗರಾಜ, ನಿಮ್ಮನ್ನು ಕೇಳಿದವರು ಯಾರು?

ಮಂಗಲಾ (ಹಳಿಯಾಳ): ಸರ್, ಪುಟಗಳ ವಿಳಾಸವನ್ನು ತಾನೇ ರಚಿಸುವ ಪಾಥ್‌ಆಟೋ ಮಾಡ್ಯೂಲನ್ನು ಎಲ್ಲರೂ ಬಳಸುತ್ತಾರೆ, ಇನ್ನೂ ಕೋರ್‌ನಲ್ಲಿ ಯಾಕಿಲ್ಲ? ಮತ್ತೆ ಒಂದು ಚಿಕ್ಕ ಸೈಟಿಗೆ ಎಷ್ಟು ದುಡ್ಡು ತೆಗೆದುಕೊಳ್ಳಬಹುದು?

ವಿನಾಯಕ: ಹೊರಗೆ ಚೆನ್ನಾಗಿಯೇ ನಡೆಯುತ್ತಿದೆ, ಯಾಕೆ ತರಬೇಕು? ಜೋಡಿಸಿದ್ದೇ ಬೇಕು ಅನ್ನುವವರಿಗೆ 2025ರ ಜನವರಿಯಲ್ಲಿ ಡ್ರುಪಲ್ ಸಿಎಂಎಸ್ ಬಂದಿದೆ. ಕೋರ್ ಹಾಗೇ ಇರುತ್ತದೆ, ಆಯ್ದ ಕಾಂಟ್ರಿಬ್ ಮಾಡ್ಯೂಲ್‌ಗಳು ಅದರ ಜೊತೆ ಬರುತ್ತವೆ. ಕೋರ್‌ಗೆ ಎಲ್ಲವನ್ನೂ ತುಂಬಬೇಕು ಅನ್ನುವ ಒತ್ತಡ ಇದರಿಂದ ಕಮ್ಮಿ ಆಗುತ್ತದೆ ಅಂತ ನನ್ನ ಲೆಕ್ಕ.

ಮಹೇಶ (ಅಂಕೋಲಾ): ಕೋರ್‌ನಲ್ಲಿ ಇದ್ದರೆ ಸೇಫ್ ಅಲ್ವಾ ಸರ್? ಎಲ್ಲವನ್ನೂ ಒಳಗೇ ಹಾಕಿಬಿಟ್ಟರೆ ಆಯ್ತಲ್ಲ?

ವಿನಾಯಕ: 2014ರ ಅಕ್ಟೋಬರ್ 15 ನೆನಪಿಟ್ಟುಕೊಳ್ಳಿ. ಡ್ರುಪಲ್ 7ರ ಕೋರ್‌ನಲ್ಲೇ, ಡೇಟಾಬೇಸ್ ಭಾಗದಲ್ಲೇ ತೂತು ಸಿಕ್ಕಿತು. ಲಾಗಿನ್ ಇಲ್ಲದವರೂ ಒಳಗೆ ಬರಬಹುದಿತ್ತು. ಘೋಷಣೆಯಾದ ಏಳು ಗಂಟೆಯೊಳಗೆ ಸರಿಪಡಿಸದ ಸೈಟ್ ಕೈತಪ್ಪಿದೆ ಅಂತಲೇ ತಿಳಿಯಿರಿ ಅಂತ ಡ್ರುಪಲ್‌ನ ಭದ್ರತಾ ತಂಡವೇ ಆಮೇಲೆ ಹೇಳಿತು. ಕಾಂಟ್ರಿಬ್‌ನಲ್ಲಿ ತೂತಾದರೆ ಅದನ್ನು ಹಾಕಿಕೊಂಡವರಿಗೆ ತೊಂದರೆ. ಕೋರ್‌ನಲ್ಲಿ ಆದರೆ ಎಲ್ಲರಿಗೂ. ಒಳಗೆ ಜಾಸ್ತಿ ತುಂಬಿದಷ್ಟೂ ಎಲ್ಲರ ಮೇಲೂ ಅಪಾಯ ಜಾಸ್ತಿ.

ಸುಬ್ರಾಯ (ಸಿದ್ದಾಪುರ): ವಿನಾಯಕರೇ, ಪಟ್ಟಿ ನೋಡಿದೆ. ಅಡ್ಮಿನ್ ಮೂವರಿದ್ದಾರೆ. ನಾನು, ಆ ಹುಡುಗ, ಇನ್ನೊಂದು ಇಂಗ್ಲಿಷ್ ಅಕ್ಷರಗಳ ಅರ್ಥವಿಲ್ಲದ ಹೆಸರು. ಸಂಘದಲ್ಲಿ ಯಾರಿಗೂ ಗೊತ್ತಿಲ್ಲ. ಅಳಿಸಿಬಿಡಲಾ?

ವಿನಾಯಕ: ಅಳಿಸಬೇಡಿ! ಕಳ್ಳ ಯಾವಾಗ ಬಂದ, ಏನು ಮಾಡಿದ ಅನ್ನುವ ಗುರುತು ಅದರಲ್ಲೇ ಇದೆ. ನಾನು ಹೆದರಿದ್ದು ಇದಕ್ಕೇ.

ಮೊದಲು ಸೈಟನ್ನು ಜನರಿಗೆ ಕಾಣದಂತೆ ಮಾಡಿಸಿ. ಡ್ರುಪಲ್‌ನ ಮೇಂಟೆನೆನ್ಸ್ ಮೋಡ್ ಸಾಲದು, ಅದರಲ್ಲೂ ಪಿಎಚ್‌ಪಿ ಓಡುತ್ತಿರುತ್ತದೆ. ಹೋಸ್ಟಿಂಗ್‌ನವರಿಗೆ ಫೋನ್ ಮಾಡಿ ಸರ್ವರ್ ಮಟ್ಟದಲ್ಲೇ ನಿಲ್ಲಿಸಿ ಅನ್ನಿ. ಆಮೇಲೆ ಫೈಲ್‌ಗಳು, ಡೇಟಾಬೇಸ್ ಎರಡರ ಪೂರ್ತಿ ಪ್ರತಿ ತೆಗೆದು ಪೆನ್‌ಡ್ರೈವ್‌ಗೆ ಹಾಕಿ. ಆ ಪ್ರತಿಯನ್ನು ಎಲ್ಲೂ ಓಡಿಸಬೇಡಿ. ಹೋಸ್ಟಿಂಗ್, ಡೇಟಾಬೇಸ್, ಇಮೇಲ್ ಪಾಸ್‌ವರ್ಡ್‌ಗಳನ್ನು ಬೇರೆ ಕಂಪ್ಯೂಟರಿನಿಂದ ಬದಲಿಸಿ.

ನಾನು ನೋಡುವುದು ಎರಡು ಕಡೆ. ಅಪ್‌ಲೋಡ್ ಫೋಲ್ಡರಿನಲ್ಲಿ ಪಿಎಚ್‌ಪಿ ಫೈಲ್ ಇದೆಯಾ ಅಂತ, ಅಲ್ಲಿ ಚಿತ್ರ, ಪಿಡಿಎಫ್ ಬಿಟ್ಟು ಇರಬಾರದು. ಇನ್ನೊಂದು ಡೇಟಾಬೇಸಿನ ಮೆನು ರೂಟರ್ ಟೇಬಲ್, ಅಂದರೆ ಯಾವ ವಿಳಾಸಕ್ಕೆ ಯಾವ ಕೋಡ್ ಓಡಬೇಕು ಅಂತ ಬರೆದಿಡುವ ಕೋಷ್ಟಕ. 2014ರ ದಾಳಿಯಲ್ಲಿ ಅಲ್ಲಿ ಒಂದು ಸಾಲು ಸೇರಿಸಿ ಹೋಗಿದ್ದರು. ಅಪ್‌ಡೇಟ್ ಮಾಡಿದರೆ ತೂತು ಮುಚ್ಚುತ್ತದೆ, ಅಷ್ಟರಲ್ಲಿ ಒಳಗೆ ಬಂದು ಕೂತವನು ಹೋಗುವುದಿಲ್ಲ. ‘ನಾವು ಅಪ್‌ಡೇಟ್ ಮಾಡಿದ್ದೆವಲ್ಲ’ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಸುಬ್ರಾಯ (ಸಿದ್ದಾಪುರ): ಅಧ್ಯಕ್ಷರು ನಿಲ್ಲಿಸುವುದು ಬೇಡ ಅನ್ನುತ್ತಿದ್ದಾರೆ. ನಾಳೆ ದರ ಹಾಕಬೇಕಂತೆ.

ವಿನಾಯಕ: ದರವನ್ನು ವಾಟ್ಸಾಪಿನಲ್ಲಿ ಕಳಿಸಿ. ನನ್ನ ನಂಬರ್ ನಿಮಗೆ ಮೆಸೇಜ್ ಮಾಡಿದ್ದೇನೆ. ಅಧ್ಯಕ್ಷರ ಹತ್ತಿರ ನಾನೇ ಮಾತಾಡುತ್ತೇನೆ.

ನಾಗರಾಜ (ಹೊನ್ನಾವರ): ಇದಕ್ಕೇ ನಾನು ಮೊದಲಿಂದ ಹೇಳಿದ್ದು, ವರ್ಡ್‌ಪ್ರೆಸ್...

ವಿನಾಯಕ: ನಾಗರಾಜ, ಒಂದು ಅರ್ಧ ಗಂಟೆ ಸುಮ್ಮನಿರುತ್ತೀರಾ ಮಾರಾಯರೇ?

ಸುನೀಲ (ಕಾರವಾರ): ಲತಾ ಅವರೇ, ಪರಿಚ್ಛೇದ ಓದಿದೆ. ಲಿಪಿ ಇಲ್ಲ ನಿಜ. ಆದರೆ ಗೋವಾದ ಕಾನೂನಿನಲ್ಲಿ ನಾಗರಿ ಅಂತಲೇ ಇದೆ.

ಲತಾ (ಕುಮಟಾ): ಕುಮಟಾ ಗೋವಾದಲ್ಲಿ ಇಲ್ಲ.

ಅಡ್ಮಿನ್: ಲಿಪಿಯ ಮಾತು ಬೇರೆ ಪೋಸ್ಟಿನಲ್ಲಿ. ಇಲ್ಲೇ ಮುಂದುವರಿಸಿದರೆ ಅಳಿಸುತ್ತೇನೆ.

ಗಿರೀಶ (ಭಟ್ಕಳ): ಮೇಲೆ ಅಂದರೆ ಎಲ್ಲಿ ಸರ್?

ಸುಬ್ರಾಯ (ಸಿದ್ದಾಪುರ): ಹೋಸ್ಟಿಂಗ್‌ನವರು ಫೋನ್ ಎತ್ತುತ್ತಿಲ್ಲ.

ವಿನಾಯಕ: ಹಾಗಾದರೆ ಅವರನ್ನು ಕಾಯಬೇಡಿ. ಕಂಟ್ರೋಲ್ ಪ್ಯಾನೆಲ್‌ನ ಲಾಗಿನ್ ನಿಮ್ಮ ಹತ್ತಿರ ಇದೆಯಲ್ಲ? ಫೈಲ್ ಮ್ಯಾನೇಜರ್ ತೆರೆಯಿರಿ, ಸೈಟಿನ ಫೋಲ್ಡರಿನ ಹೆಸರು ಬದಲಿಸಿ. ಸೈಟ್ ತೆರೆಯುವುದಿಲ್ಲ, ಫೈಲ್‌ಗಳೆಲ್ಲ ಹಾಗೇ ಇರುತ್ತವೆ. ಆದ ಕೂಡಲೇ ನನಗೆ ಕರೆ ಮಾಡಿ.